ಹಳೆಯ ಜೀಪಿನ ನಾಡಿಪರೀಕ್ಷೆ

ಬದಿಯಡ್ಕ, ಮುಳ್ಳೇರಿಯ, ಆದೂರು, ಪೆರ್ಲ ಮೊದಲಾದ ಪೇಟೆಗಳಿಂದ ಒಳದಾರಿ ಹಿಡಿದು ಗುಡ್ಡ ಹತ್ತಿ ತೋಟದ ಮನೆಗಳಿಗೆ ಹೋಗಬೇಕಾದ ನಮ್ಮ ಸೀಮೆಯಲ್ಲಿ ಜೀಪಿನ ಋಣದಲ್ಲಿಲ್ಲದ ಮನೆತನ ಅಪರೂಪ. ಅಡಿಕೆಯ ಮೂಟೆ ಪೇಟೆಗೆ ಇಳಿದದ್ದು ಅದರಲ್ಲಿ, ಗೊಬ್ಬರದ ಚೀಲ ಮೇಲೇರಿದ್ದು ಅದರಲ್ಲಿ. ಮದುವೆಯ ದಿಬ್ಬಣ ಹೊರಟದ್ದೂ, ಹೆರಿಗೆ ನೋವು ಕಾಣಿಸಿಕೊಂಡ ಮಗಳನ್ನು ಕಾಸರಗೋಡಿಗೋ ಮಂಗಳೂರಿಗೋ ಒಯ್ದದ್ದೂ ಅದರಲ್ಲಿಯೇ. ಈಗ ಬಹಳಷ್ಟು ದಾರಿಗಳು ಡಾಮರು, ಕಾಂಕ್ರೀಟು ಕಂಡಿವೆ. ಅಂಗಳದಲ್ಲಿ ಹೊಸ ಕಾರುಗಳು ಬಂದು ನಿಂತಿವೆ. ಆದರೂ ಅಡಿಕೆ ಕೊಟ್ಟಿಗೆಯ ಬದಿಯಲ್ಲಿ ಹಳೆಯ ಜೀಪೊಂದನ್ನು ಉಳಿಸಿಕೊಂಡ ಮನೆಗಳು ಇಂದಿಗೂ ಉಂಟು. ಆಟಿಯ ಮಳೆಗೆ ದಾರಿ ಕೆಸರಾಗಿ ಕಾರು ಕೆಳಗಿನ ತಿರುವಿನಲ್ಲಿಯೇ ನಿಂತಾಗ ಆ ಮನೆಯವರು ನೆಚ್ಚುವುದು ಅದನ್ನೇ. ನೆಚ್ಚಿದ ಹೊತ್ತಿಗೆ ಅದು ಹೊರಡದಿದ್ದರೆ ದೋಷವನ್ನು ಹುಡುಕುವ ಬಗೆ ಹೇಗೆಂಬುದು ಈ ಲೇಖನದ ವಿಷಯ.

ಯಂತ್ರದ ಮಾತು ಗಂಡಸರಿಗಾಯಿತು, ನಮಗೇಕೆ ಎಂದು ಪುಟ ತಿರುವದಿರಬೇಕೆಂದು ಮನೆಯ ಹೆಂಗಸರಲ್ಲಿ ವಿಶೇಷ ವಿನಂತಿ. ರಾತ್ರಿಯ ಹೊತ್ತು ಟಾರ್ಚು ಹಿಡಿದು ಪಕ್ಕದಲ್ಲಿ ನಿಲ್ಲುವವರು ಅವರೇ ತಾನೆ? ಸ್ಪ್ಯಾನರು ಹಿಡಿದವರಿಗೆ ಕಾಣದ ದೋಷ ಟಾರ್ಚು ಹಿಡಿದವರಿಗೆ ಕಂಡ ಪ್ರಸಂಗಗಳನ್ನು ನಾವು ಬಲ್ಲೆವು.

ಮೊದಲು ಈ ವಾಹನದ ಕುಲಗೋತ್ರವನ್ನು ಎರಡು ಮಾತಿನಲ್ಲಿ ಹೇಳಿಬಿಡೋಣ. ಎರಡನೆಯ ಮಹಾಯುದ್ಧದಲ್ಲಿ, 1941ರಿಂದ 1945ರ ವರೆಗೆ, ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳು ಸೈನ್ಯಕ್ಕಾಗಿ ತಯಾರಿಸಿದ ಜೀಪೇ ಇದರ ಮೂಲಪುರುಷ. ಅದರ ವಂಶದಲ್ಲಿ 1953ರಲ್ಲಿ ಹುಟ್ಟಿದ್ದು ಸಿ.ಜೆ.3ಬಿ ಎಂಬ ಮಾದರಿ. ಅಮೆರಿಕದಲ್ಲಿ ಇದು 1968ರಲ್ಲಿ ನಿಂತುಹೋದರೂ ಮಹೀಂದ್ರ ಕಂಪೆನಿಯ ಕೈಯಲ್ಲಿ ನಮ್ಮ ದೇಶದಲ್ಲಿ ಆಮೇಲೂ ಬಹುಕಾಲ ಬಾಳಿತು. ಎದೆಯುಬ್ಬಿಸಿದಂತೆ ಎತ್ತರದ ಬಾನೆಟ್ಟು ಇದರ ಗುರುತು. ಗಾಳಿ ಮತ್ತು ಪೆಟ್ರೋಲನ್ನು ಒಳಗೆಳೆಯುವ ವಾಲ್ವುಗಳನ್ನು ಎಂಜಿನಿನ ತಲೆಯ ಮೇಲೆಯೂ ಹೊಗೆ ಬಿಡುವ ವಾಲ್ವುಗಳನ್ನು ಕೆಳಗಿನ ಬ್ಲಾಕಿನಲ್ಲಿಯೂ ಇರಿಸಿದ್ದರಿಂದ ಎಂಜಿನು ಎತ್ತರವಾಯಿತು. ಅದನ್ನು ಮುಚ್ಚಲು ಬಾನೆಟ್ಟೂ ಏರಿತು. ನಾಲ್ಕು ಸಿಲಿಂಡರು, 2,199 ಸಿ.ಸಿ., ಮುಂದಿನ ಹಿಂದಿನ ಗಾಲಿಗಳ ನಡುವೆ 80 ಅಂಗುಲ. ಆಮೇಲಾಮೇಲೆ ಡೀಸೆಲ್ ಜೀಪುಗಳು ಬಂದವು. ಎಷ್ಟೋ ಪೆಟ್ರೋಲು ಜೀಪುಗಳು ಹೊಟ್ಟೆ ಕೊಯ್ಯಿಸಿಕೊಂಡು ಡೀಸೆಲ್ ಎಂಜಿನು ಹಾಕಿಸಿಕೊಂಡವು. ನಾವಿಲ್ಲಿ ಮುಖ್ಯವಾಗಿ ಪೆಟ್ರೋಲು ಜೀಪಿನ ಮಾತನ್ನೇ ಆಡುತ್ತೇವೆ. ಬ್ಯಾಟರಿ, ಗೇರು, ಸ್ಟಿಯರಿಂಗು, ಬ್ರೇಕುಗಳ ವಿಚಾರ ಎರಡಕ್ಕೂ ಸಲ್ಲುತ್ತದೆ.

ಹೊಸ ಕಾರಿಗೆ ಗ್ಯಾರೇಜಿನಲ್ಲಿ ಒಂದು ಯಂತ್ರ ಜೋಡಿಸಿದರೆ ರೋಗದ ಹೆಸರು ಪರದೆಯ ಮೇಲೆ ಮೂಡುತ್ತದೆ. ಹಳೆಯ ಜೀಪಿಗೆ ಆ ಯಂತ್ರ ಚುಚ್ಚುವ ತೂತೇ ಇಲ್ಲ. ಇಲ್ಲಿ ಕಣ್ಣು, ಕಿವಿ, ಮೂಗು, ಬೆರಳುಗಳೇ ಯಂತ್ರ. ಹಿಂದಿನ ತಲೆಯ ಪಂಡಿತರು ನಾಡಿ ಹಿಡಿಯುವ ಮೊದಲು ರೋಗಿಯನ್ನು ಕುಳ್ಳಿರಿಸಿ ಏನು ಉಂಡೆ, ಯಾವಾಗ ಮಲಗಿದೆ ಎಂದು ವಿಚಾರಿಸುತ್ತಿದ್ದಂತೆ ಜೀಪಿನ ಒಡೆಯನನ್ನೂ ಮೊದಲು ವಿಚಾರಿಸಬೇಕು. ಓಡುತ್ತಿದ್ದುದು ದೀಪ ಆರಿದಂತೆ ಫಕ್ಕನೆ ನಿಂತಿತೋ, ಅಥವಾ ಕೆಮ್ಮಿ, ಜಗ್ಗಿ, ಉಸಿರು ಹಿಡಿದು ನಿಂತಿತೋ? ಫಕ್ಕನೆ ನಿಂತರೆ ಸಂಶಯ ಮೊದಲು ಹೋಗಬೇಕಾದುದು ವಿದ್ಯುತ್ತಿನ ಕಡೆಗೆ. ಕೆಮ್ಮಿ ನಿಂತರೆ ಪೆಟ್ರೋಲಿನ ಕಡೆಗೆ. ಬಿಸಿಯಾಗಿದ್ದಾಗಲೋ ತಣ್ಣಗಿದ್ದಾಗಲೋ? ಮಳೆ ಬಂದ ಮೇಲೆಯೋ? ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದುಂಟು: ಕಡೆಯ ಸಲ ಇದನ್ನು ಬಿಚ್ಚಿದವರು ಯಾರು, ಏನನ್ನು ಮುಟ್ಟಿದರು? ಈ ಪ್ರಶ್ನೆಗೆ ಉತ್ತರ ನೆಟ್ಟಗೆ ದೊರೆತರೆ ಅರ್ಧ ಕೆಲಸ ಅಲ್ಲಿಗೇ ಮುಗಿಯಿತೆನ್ನಬಹುದು. ಆದರೆ ನಮ್ಮವರು ಉತ್ತರ ಹೇಳುವುದಕ್ಕಿಂತ ಮೊದಲೇ ಬಾನೆಟ್ಟು ಎತ್ತಿ ಪ್ಲಗ್ಗು ಕಳಚಿರುತ್ತಾರೆ.

ನಾವು ಈ ಲೇಖನದಲ್ಲಿ ಒತ್ತಿ ಹೇಳಬೇಕೆಂದಿರುವುದು ಇಷ್ಟು. ಹಳೆಯ ಜೀಪಿನಲ್ಲಿ ದೋಷ ಇರುವ ಜಾಗ ಒಂದು, ಅದು ತೋರುವ ಜಾಗ ಇನ್ನೊಂದು. ತೋರಿದ ಜಾಗದ ಬಿಡಿಭಾಗವನ್ನು ಬದಲಾಯಿಸುತ್ತ ಹೋದರೆ ಹಣ ಮುಗಿಯುತ್ತದೆ, ದೋಷ ಉಳಿಯುತ್ತದೆ. ಒಂದು ಪರೀಕ್ಷೆ ಮಾಡಿ ಅದರ ಫಲ ಕಂಡ ಮೇಲೆಯೇ ಎರಡನೆಯದಕ್ಕೆ ಕೈಹಾಕಬೇಕು.

ಬ್ಯಾಟರಿಯ ಮೇಲಿನ ಅಪವಾದ

ನಮ್ಮ ನೆರೆಕರೆಯ ಮನೆಯೊಂದರ ಜೀಪಿನ ಕಥೆಯನ್ನು ಇಲ್ಲಿ ಹೇಳಬಹುದು. ಗುಂಡಿ ಒತ್ತಿದರೆ ಸೆಲ್ಫು ಒಂದು ದಿನ ತಿರುಗುತ್ತಿತ್ತು, ಇನ್ನೊಂದು ದಿನ ‘ಟಕ್’ ಎಂದು ಸುಮ್ಮನಾಗುತ್ತಿತ್ತು. ಮೊದಲು ಹೊಸ ಬ್ಯಾಟರಿ ಬಂತು. ಎರಡು ತಿಂಗಳು ಸರಿಯಿತ್ತು. ಮತ್ತೆ ಅದೇ ರಾಗ. ಸೆಲ್ಫ್ ಮೋಟಾರನ್ನು ಕಳಚಿ ವೈಂಡಿಂಗ್ ಮಾಡಿಸಿದರು. ಅದಾದ ಮೇಲೆ, ಎಂಜಿನು ಬಿಗಿಯಾಗಿದೆ, ಬಿಚ್ಚಿ ಬೋರು ಮಾಡಿಸಬೇಕು ಎಂದು ಒಂದು ಗ್ಯಾರೇಜಿನವರು ಲೆಕ್ಕ ಬರೆದು ಕೊಟ್ಟರು. ಆ ವರ್ಷದ ಅಡಿಕೆಯಲ್ಲಿ ಒಂದು ಪಾಲು ಅದಕ್ಕೆಂದು ತೆಗೆದಿರಿಸಿದ್ದೂ ಆಯಿತು. ಅಷ್ಟರಲ್ಲಿ ಒಂದು ರಾತ್ರಿ ಮನೆಯ ಹಿರಿಯರಿಗೆ ಎದೆನೋವು ಕಾಣಿಸಿಕೊಂಡಿತು. ಜೀಪು ಹೊರಡಲೊಲ್ಲದು. ರೋಗಿಯನ್ನು ಒಳಗೆ ಮಲಗಿಸಿ ಮನೆಯವರೆಲ್ಲ ಸೇರಿ ಜೀಪನ್ನು ಇಳಿಜಾರಿನ ವರೆಗೆ ದೂಡಿದರು, ಸೊಸೆಯೂ ಕೈಕೊಟ್ಟಳು. ಇಳಿಜಾರಿನಲ್ಲಿ ಗೇರು ಹಾಕಿ ಕ್ಲಚ್ಚು ಬಿಟ್ಟಾಗ ಎಂಜಿನು ಹಿಡಿಯಿತು. ಹಿರಿಯರು ಬದುಕಿಕೊಂಡರು. ಆದರೆ ಮನೆಯ ಮುಂದಿನ ದಾರಿ ಏರುಮುಖವಾಗಿದ್ದರೆ ಏನಾಗುತ್ತಿತ್ತೆಂಬ ಮಾತು ಆ ಮನೆಯಲ್ಲಿ ಈಗಲೂ ಬರುವುದುಂಟು.

ಎಂಜಿನು ಬಿಚ್ಚುವ ಮೊದಲು ಇನ್ನೊಬ್ಬರ ಕಣ್ಣಿಗೆ ಬೀಳಲಿ ಎಂದು ಕೆಲಸ ಬಿಟ್ಟು ಮನೆಯಲ್ಲಿದ್ದ ಮುದಿ ಮೇಸ್ತ್ರಿಯೊಬ್ಬರನ್ನು ಕರೆತಂದರು. ಅವರು ಸ್ಪ್ಯಾನರು ಮುಟ್ಟಲಿಲ್ಲ. ಹೆಡ್‌ಲೈಟು ಹಾಕಿಸಿದರು, ಅದು ಚೆನ್ನಾಗಿ ಉರಿಯಿತು. ಅದು ಉರಿಯುತ್ತಿರುವಾಗಲೇ ಸೆಲ್ಫು ಒತ್ತಿಸಿದರು. ಸೆಲ್ಫು ತಿರುಗಲಿಲ್ಲ, ಬೆಳಕು ಮಾತ್ರ ಕುಂದಲಿಲ್ಲ. ನಾಲ್ಕೈದು ಸಲ ಒತ್ತಿಸಿದ ಮೇಲೆ ಚೋಕಿನ ಸರಿಗೆಯ ಮೇಲೆ ಬೆರಳಿಟ್ಟು, “ಧನಿಗಳೇ, ಇದನ್ನೊಮ್ಮೆ ಮುಟ್ಟಿ ನೋಡಿ” ಎಂದರು.

“ಬಿಸಿ ಉಂಟಲ್ಲ ಮೇಸ್ತ್ರಿಗಳೇ!”

“ಬಿಸಿಯಾಗದೆ ಏನು? ಸೆಲ್ಫಿನ ಕರೆಂಟು ಹಿಂದೆ ಬರಲು ದಾರಿ ಕಾಣದೆ ಈ ಬಡಪಾಯಿ ಸರಿಗೆಯಲ್ಲಿ ನುಗ್ಗುತ್ತಾ ಉಂಟು.”

ವಿಷಯ ಇಷ್ಟೇ. ಜೀಪಿನ ಎಂಜಿನು ರಬ್ಬರಿನ ಮೆತ್ತೆಗಳ ಮೇಲೆ ಕುಳಿತಿರುತ್ತದೆ. ರಬ್ಬರಿನಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಆದುದರಿಂದ ಎಂಜಿನಿನಿಂದ ಚಾಸಿಗೆ ತಾಮ್ರದ ನೇಯ್ಗೆಯ ಪಟ್ಟಿಯೊಂದನ್ನು ಬಿಗಿದಿರುತ್ತಾರೆ. ಇದೇ ಅರ್ತ್ ಪಟ್ಟಿ. ಆ ಜೀಪಿನಲ್ಲಿ ಈ ಪಟ್ಟಿಯ ಎಳೆಗಳು ಹಸಿರು ಕಿಲುಬು ಹಿಡಿದು ಒಂದೊಂದಾಗಿ ಹರಿದು ನಾಲ್ಕಾರು ಮಾತ್ರ ಉಳಿದಿದ್ದವು. ಒಂದು ಹೆಡ್‌ಲೈಟಿಗೆ ಬೇಕಾದುದು ನಾಲ್ಕೈದು ಆಂಪಿಯರು. ಅದರ ಅರ್ತ್ ಬೇರೆ ದಾರಿಯಲ್ಲಿ ಹೋಗುವುದರಿಂದ ಅದು ಧಾರಾಳವಾಗಿ ಉರಿಯುತ್ತದೆ. ಸೆಲ್ಫ್ ಮೋಟಾರಾದರೋ ನೂರೈವತ್ತು ಆಂಪಿಯರಿನ ಆಸುಪಾಸು ಎಳೆಯುವ ರಾಕ್ಷಸ. ಅಷ್ಟು ಪ್ರವಾಹಕ್ಕೆ ದಾರಿಯಲ್ಲಿ ಒಂದು ಓಮಿನ ನೂರರಲ್ಲೊಂದು ಪಾಲು ತಡೆಯಿದ್ದರೂ ಒಂದೂವರೆ ವೋಲ್ಟು ಅಲ್ಲಿಯೇ ನಷ್ಟವಾಗುತ್ತದೆ. ಹೊಸ ಬ್ಯಾಟರಿಯ ಹುರುಪಿನಲ್ಲಿ ಎರಡು ತಿಂಗಳು ಹೇಗೋ ನಡೆಯಿತು, ಅಷ್ಟೆ. ಪಟ್ಟಿ ಬದಲಾಯಿಸಿ, ಅದು ಕೂರುವ ಕಬ್ಬಿಣವನ್ನು ಬಣ್ಣ ಹೋಗಿ ಹೊಳೆಯುವ ವರೆಗೆ ಉಜ್ಜಿದರು. ಜೀಪು ಅಂದಿನಿಂದ ತಕರಾರು ಹೇಳಿಲ್ಲ. ಎಂಜಿನಿನ ಲೆಕ್ಕ ಬರೆದ ಕಾಗದ ಎಲ್ಲಿ ಹೋಯಿತೋ ತಿಳಿಯದು.

ಈ ಪರೀಕ್ಷೆಯನ್ನು ಯಾರೂ ಮಾಡಬಹುದು. ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕು ಎಳೆದಿರಲಿ. ದೀಪ ಹಾಕಿ ಸೆಲ್ಫು ಒತ್ತಿದಾಗ ಬೆಳಕು ಪೂರ್ತಿ ಕುಸಿದರೆ ಬ್ಯಾಟರಿಯನ್ನೂ ಅದರ ತುದಿಗಳನ್ನೂ ಸಂಶಯಿಸಬೇಕು. ಬೆಳಕು ಹಾಗೆಯೇ ಇದ್ದು ಸೆಲ್ಫು ಮಾತ್ರ ಮೌನವಾಗಿದ್ದರೆ ಬ್ಯಾಟರಿ ನಿರಪರಾಧಿ. ಕರೆಂಟು ಸೆಲ್ಫಿಗೆ ಮುಟ್ಟುತ್ತಿಲ್ಲ ಅಥವಾ ಮುಟ್ಟಿ ಮರಳುತ್ತಿಲ್ಲ. ಆಗ ದಪ್ಪ ಕೇಬಲಿನ ಒಂದು ತುದಿಯನ್ನು ಎಂಜಿನಿನ ಬರಿಯ ಕಬ್ಬಿಣಕ್ಕೂ ಇನ್ನೊಂದನ್ನು ಬ್ಯಾಟರಿಯ ಅರ್ತ್ ತುದಿಗೂ ಹಿಡಿದು ಸೆಲ್ಫು ಒತ್ತಿ. ತಿರುಗಿತೋ, ಕಳ್ಳ ಸಿಕ್ಕಿದ. ಕೆಲವು ನೂರು ರೂಪಾಯಿಗೆ ದೊರೆಯುವ ಮೀಟರು ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ರಾತ್ರಿ ಸುಮ್ಮನೆ ನಿಂತ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟು ತೋರಿದರೆ ತುಂಬಿದೆ, 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿಯಾಗಿದೆ. ಎಂಜಿನು ಓಡುವಾಗ 14ರ ಹತ್ತಿರ ಇದ್ದರೆ ಡೈನಮೊ ಕೆಲಸ ಮಾಡುತ್ತಿದೆ ಎಂದರ್ಥ. ವೇಗ ಹೆಚ್ಚಿದಂತೆ ದೀಪ ಕಣ್ಣು ಕುಕ್ಕುವಷ್ಟು ಬೆಳಗಿ, ಬಲ್ಬುಗಳು ಮೇಲಿಂದ ಮೇಲೆ ಸುಟ್ಟುಹೋಗುತ್ತಿದ್ದರೆ ಬಲ್ಬಿನ ಅಂಗಡಿಯವನನ್ನು ಬಯ್ಯದೆ ರೆಗ್ಯುಲೇಟರಿನ ಅರ್ತ್ ನೋಡತಕ್ಕದ್ದು. ಯುದ್ಧಕಾಲದ ಜೀಪುಗಳು 6 ವೋಲ್ಟಿನವು ಎಂಬುದನ್ನು ಮಾತ್ರ ಮರೆಯಬಾರದು. ಅವುಗಳಲ್ಲಿ ತಡೆಯ ಉಪದ್ರವ ಇನ್ನೂ ಹೆಚ್ಚು.

ಬ್ಯಾಟರಿಯ ತುದಿ ಕಳಚುವಾಗ ಅರ್ತ್ ತುದಿಯನ್ನು ಮೊದಲು ಕಳಚಬೇಕು, ಜೋಡಿಸುವಾಗ ಕಡೆಗೆ ಜೋಡಿಸಬೇಕು. ಈ ಕ್ರಮ ತಪ್ಪಿ ಸ್ಪ್ಯಾನರು ಬಾಡಿಗೆ ತಾಗಿದರೆ ಹಾರುವ ಕಿಡಿ ಸಣ್ಣದಲ್ಲ.

ಮಳೆಗಾಲದ ಮುನಿಸು, ಬೇಸಿಗೆಯ ಮೋಸ

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡು ನಮ್ಮದು. ಜೀಪಿಗೆ ಮಳೆಯ ಹೆದರಿಕೆಯಿಲ್ಲ. ಅದರ ಡಿಸ್ಟ್ರಿಬ್ಯೂಟರಿಗೆ ಉಂಟು. ಕಾಯಿಲಿನಿಂದ ಹೊರಡುವ ಸಾವಿರಾರು ವೋಲ್ಟಿನ ವಿದ್ಯುತ್ತು ಡಿಸ್ಟ್ರಿಬ್ಯೂಟರಿನ ಮುಚ್ಚಳದ ಮೂಲಕ ಒಂದು, ಮೂರು, ನಾಲ್ಕು, ಎರಡು ಎಂಬ ಕ್ರಮದಲ್ಲಿ ನಾಲ್ಕು ಪ್ಲಗ್ಗುಗಳಿಗೆ ಹಂಚಿಹೋಗಬೇಕು. ಮುಚ್ಚಳದ ಒಳಗೆ ತೇವ ಕೂತರೆ ಅದು ಪ್ಲಗ್ಗಿಗೆ ಹೋಗುವ ಬದಲು ಆ ತೇವದ ಮೇಲೆಯೇ ಜಾರಿ ಅರ್ತಿಗೆ ಇಳಿದುಬಿಡುತ್ತದೆ. ಮುಚ್ಚಳ ತೆಗೆದು ಒಣಬಟ್ಟೆಯಿಂದ ಒಳಗೂ ಹೊರಗೂ ಒರಸಿ, ತಂತಿಗಳನ್ನು ಒರಸಿ, ಮರಳಿ ಹಾಕಿದರೆ ಹತ್ತರಲ್ಲಿ ಎಂಟು ಸಲ ಎಂಜಿನು ಹಿಡಿಯುತ್ತದೆ. ಉಳಿದೆರಡು ಸಲ ಮುಚ್ಚಳದ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿ: ಪೆನ್ಸಿಲಿನಲ್ಲಿ ಗೀಚಿದಂತೆ ಕಪ್ಪು ಗೆರೆ ಕಂಡರೆ ವಿದ್ಯುತ್ತು ಅಲ್ಲಿ ಕಾಲುದಾರಿ ಮಾಡಿಕೊಂಡಿದೆ, ಆ ಮುಚ್ಚಳವನ್ನು ಎಸೆಯಬೇಕು. ತಂತಿಗಳ ದೋಷ ಹುಡುಕಲು ಅಮಾವಾಸ್ಯೆಯ ಕತ್ತಲೆಯಂತಹ ಒಳ್ಳೆಯ ಉಪಕರಣ ಇನ್ನೊಂದಿಲ್ಲ. ಎಂಜಿನು ಓಡುತ್ತಿರುವಾಗ ದೀಪ ಆರಿಸಿ ಬಾನೆಟ್ಟಿನೊಳಗೆ ನೋಡಿದರೆ ಸೋರುವ ತಂತಿಯ ಮೈಮೇಲೆ ನೀಲಿ ಮಿಣುಕುಗಳು ಕುಣಿಯುವುದು ಕಾಣಿಸುತ್ತದೆ. ನೋಡಬೇಕು, ಮುಟ್ಟಬಾರದು.

ಸೇತುವೆಗಳು ಬರುವ ಮೊದಲು ಹೊಳೆ, ತೋಡು ದಾಟುವ ಚಾಲಕರು ನೀರಿಗಿಳಿಯುವ ಮುನ್ನ ಫ್ಯಾನ್ ಬೆಲ್ಟನ್ನು ಕಳಚುತ್ತಿದ್ದರು. ತಿರುಗುವ ಫ್ಯಾನು ನೀರನ್ನು ಚಿಮುಕಿಸಿ ಡಿಸ್ಟ್ರಿಬ್ಯೂಟರನ್ನು ನೆನೆಸದಿರಲೆಂಬುದು ಇದರ ಗುಟ್ಟು. ಆಚೆ ದಡದಲ್ಲಿ ಬೆಲ್ಟನ್ನು ಮತ್ತೆ ಹಾಕಿ, ಬ್ರೇಕನ್ನು ಹಗುರವಾಗಿ ಒತ್ತುತ್ತ ಸ್ವಲ್ಪ ದೂರ ಓಡಿಸಿ ಒಣಗಿಸಿಕೊಂಡೇ ಅವರು ಗುಡ್ಡದ ಇಳುಕಲಿಗೆ ಹೋಗುತ್ತಿದ್ದರು. ಆಳದ ನೀರು ದಾಟಿದ ಮೇಲೆ ಗೇರು ಡಬ್ಬಿ ಮತ್ತು ಹೌಸಿಂಗಿನ ಎಣ್ಣೆ ನೋಡುವುದು ಲೇಸು. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ.

ಬೇಸಿಗೆಯ ಕಥೆ ಬೇರೆ. ಏಪ್ರಿಲ್ ತಿಂಗಳ ನಡುಹಗಲು. ಜೀಪು ಹೊರೆ ಹೊತ್ತು ಏರು ಹತ್ತಿ ತುದಿಯಲ್ಲಿ ನಿಂತುಬಿಡುತ್ತದೆ. ಇಪ್ಪತ್ತು ಮಿನಿಟು ಬಿಟ್ಟರೆ ಏನೂ ಆಗದಂತೆ ಹೊರಡುತ್ತದೆ. ಇದಕ್ಕೆ ಎರಡು ಕಾರಣಗಳುಂಟು. ಎರಡರ ಲಕ್ಷಣವೂ ಒಂದೇ, ಮದ್ದು ಬೇರೆ ಬೇರೆ. ಪೆಟ್ರೋಲು ಪಂಪು ಹೊಗೆ ಹೋಗುವ ಬಿಸಿ ಕೊಳವೆಯ ಮಗ್ಗುಲಿನಲ್ಲಿಯೇ ಇದೆ. ಆ ಕಾವಿಗೆ ಪೆಟ್ರೋಲು ಪಂಪಿನಲ್ಲಿಯೋ ಕೊಳವೆಯಲ್ಲಿಯೋ ಕುದಿದು ಆವಿಯಾದರೆ ಪಂಪು ಆವಿಯನ್ನು ಜಗಿಯುತ್ತ ಕೂರುತ್ತದೆ, ಕಾರ್ಬ್ಯುರೇಟರಿಗೆ ಪೆಟ್ರೋಲು ಮುಟ್ಟುವುದಿಲ್ಲ. ಇದು ಒಂದನೆಯದು. ಕಾಯಿಲು ಅಥವಾ ಕಂಡೆನ್ಸರು ಮುದಿಯಾಗಿ, ಬಿಸಿಯೇರಿದಾಗ ಮಾತ್ರ ಕೈಕೊಡುವುದು ಎರಡನೆಯದು. ಎರಡೂ ತಣಿದ ಮೇಲೆ ಸಾಧುಗಳಾಗುತ್ತವೆ. ಗ್ಯಾರೇಜಿಗೆ ಒಯ್ದಾಗ ಎಲ್ಲವೂ ಸರಿಯಾಗಿಯೇ ಇರುವುದರಿಂದ ಮೆಕ್ಯಾನಿಕ್ ಊಹೆಯ ಮೇಲೆ ಏನನ್ನೋ ಬದಲಾಯಿಸುತ್ತಾನೆ. ಮುಂದಿನ ಏರಿನಲ್ಲಿ ಮತ್ತೆ ಅದೇ ಗತಿ.

ನಿಂತ ಜಾಗದಲ್ಲಿ, ನಿಂತ ಕ್ಷಣದಲ್ಲಿ, ಬಿಸಿಯಾಗಿರುವಾಗಲೇ ನೋಡುವುದೊಂದೇ ಇದಕ್ಕೆ ಉಪಾಯ. ಒಂದು ಪ್ಲಗ್ಗಿನ ತಂತಿಯನ್ನು ಕಳಚಿ, ಚೀಲದಲ್ಲಿರುವ ಹಳೆಯ ಪ್ಲಗ್ಗನ್ನು ಅದಕ್ಕೆ ಸಿಕ್ಕಿಸಿ, ಪ್ಲಗ್ಗಿನ ಮೈಯನ್ನು ಎಂಜಿನಿನ ಕಬ್ಬಿಣಕ್ಕೆ ತಾಗಿಸಿಟ್ಟು ಸೆಲ್ಫು ಹೊಡೆಯಿರಿ. ಹಿಡಿಯುವುದಾದರೆ ರಬ್ಬರು ಹಿಡಿಕೆಯ ಇಕ್ಕುಳದಲ್ಲಿ ಹಿಡಿಯಬೇಕು. ಬರಿಗೈ ಕೂಡದು, ಹತ್ತಿರದಲ್ಲಿ ಪೆಟ್ರೋಲು ಸೋರಿರಲೂ ಕೂಡದು. ನೀಲಿಯಾಗಿ ಚಟಚಟನೆ ಕಿಡಿ ಹಾರಿದರೆ ವಿದ್ಯುತ್ತು ಸರಿಯಿದೆ; ಪಂಪಿನ ಮೇಲೂ ಕೊಳವೆಯ ಮೇಲೂ ಒದ್ದೆ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಕಾಯಿರಿ. ಕಿಡಿ ಕೆಂಪಗೆ ಕುಂಟುತ್ತಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ಒದ್ದೆ ಬಟ್ಟೆಯಿಂದ ಫಲವಿಲ್ಲ, ಕಾಯಿಲು ಕಂಡೆನ್ಸರುಗಳನ್ನು ನೋಡಬೇಕು. ಪಾಯಿಂಟುಗಳ ಮುಖ ನೀಲಿಗಟ್ಟಿ ಸುಟ್ಟಿದ್ದರೆ ಕಂಡೆನ್ಸರಿನ ಮೇಲೆ ಸಂಶಯ ಗಟ್ಟಿಯಾಗುತ್ತದೆ.

ಪಾಯಿಂಟಿನ ಮಾತು ಬಂದುದರಿಂದ ಇನ್ನೊಂದು ಮೋಸವನ್ನೂ ಹೇಳಿಬಿಡುತ್ತೇವೆ. ಏರಿನಲ್ಲಿ ಎಳೆತ ಕಡಮೆ, ರೇಡಿಯೇಟರು ಕುದಿಯುತ್ತದೆ ಎಂದು ರೇಡಿಯೇಟರನ್ನು ಎರಡೆರಡು ಸಲ ತೊಳೆಸಿದವರುಂಟು. ಪಾಯಿಂಟನ್ನು ತೆರೆದು ಮುಚ್ಚುವ ಸಣ್ಣ ಫೈಬರಿನ ಹಿಮ್ಮಡಿ ತಿರುಗುವ ಕ್ಯಾಮಿನ ಮೇಲೆ ಉಜ್ಜಿ ಸವೆಯುತ್ತದೆ. ಅಲ್ಲಿಗೆ ತುಸು ಗ್ರೀಸು ಮುಟ್ಟಿಸದಿದ್ದರೆ ಇನ್ನೂ ಬೇಗ. ಅದು ಸವೆದಂತೆ ಪಾಯಿಂಟಿನ ಸಂದು ಕಿರಿದಾಗುತ್ತದೆ, ಕಿಡಿ ಹಾರುವ ಹೊತ್ತು ತಡವಾಗುತ್ತದೆ. ತಡವಾಗಿ ಉರಿದ ಪೆಟ್ರೋಲಿನ ಶಕ್ತಿ ಗಾಲಿಗೆ ಹೋಗದೆ ಕಾವಾಗಿ ರೇಡಿಯೇಟರಿಗೆ ಸೇರುತ್ತದೆ. ಜೀಪಿನ ಮೂಲ ಆಟೋಲೈಟ್ ಡಿಸ್ಟ್ರಿಬ್ಯೂಟರಿಗೆ ಈ ಸಂದು 0.020 ಅಂಗುಲ, ಅದು ಹೋಗಿ ಲ್ಯೂಕಾಸ್ ಮಾದರಿಯದು ಬಂದಿದ್ದರೆ 0.015 ಅಂಗುಲದ ಆಸುಪಾಸು. ಯಾವುದು ಕೂತಿದೆಯೆಂದು ನೋಡದೆ ಪುಸ್ತಕದ ಅಳತೆ ಇಡುವುದು ಸಲ್ಲದು. ಪ್ಲಗ್ಗಿನ ಸಂದು 0.030 ಅಂಗುಲ. ಫೀಲರು ಗೇಜು ಕೊಳ್ಳುವ ಖರ್ಚು ರೇಡಿಯೇಟರು ತೊಳೆಸುವ ಖರ್ಚಿಗಿಂತ ಎಷ್ಟೋ ಕಡಮೆ.

ಇಷ್ಟೆಲ್ಲ ಸರಿಯಿದ್ದೂ ಎಂಜಿನಿನಲ್ಲಿ ಕಸುವಿಲ್ಲದಿದ್ದರೆ ಆಗ ಒಳಗಿನ ಒತ್ತಡ ಅಳೆಯಬೇಕು. ನಾಲ್ಕು ಸಿಲಿಂಡರುಗಳ ಅಳತೆ ಒಂದಕ್ಕೊಂದು ಹತ್ತಿರವಿದ್ದರೆ ಭಯವಿಲ್ಲ. ಒಂದರಲ್ಲಿ ಕಡಮೆಯಿದ್ದರೆ ಅದಕ್ಕೆ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆಯಿರಿ: ಏರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವು ಸೋರುತ್ತಿದೆ. ಅಕ್ಕಪಕ್ಕದ ಎರಡರಲ್ಲಿ ಕಡಮೆಯಿದ್ದರೆ ನಡುವಿನ ಗ್ಯಾಸ್ಕೆಟು ಹೋಗಿರಬಹುದು. ಎಂಜಿನು ಬಿಚ್ಚುವ ತೀರ್ಮಾನಕ್ಕೆ ಬರಬೇಕಾದುದು ಈ ಮೆಟ್ಟಿಲಿನಲ್ಲಿ, ಮೊದಲಿನ ಮೆಟ್ಟಿಲಿನಲ್ಲಿ ಅಲ್ಲ.

ಇತ್ತೀಚಿನ ಒಂದು ಉಪದ್ರವವನ್ನೂ ಇಲ್ಲಿಯೇ ಸೂಚಿಸಬೇಕು. ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಪ್ರಮಾಣ 2025ರಲ್ಲಿ ಶೇಕಡಾ 20ಕ್ಕೆ ಮುಟ್ಟಿತು. ಜೀಪಿನ ಹಳೆಯ ರಬ್ಬರು ಕೊಳವೆಗಳಿಗೂ ಪಂಪಿನ ಪೊರೆಗೂ ಎಥೆನಾಲ್ ಹಿತವಲ್ಲ; ಅವು ಮೆತ್ತಗಾಗುತ್ತವೆ, ಬಿರಿಯುತ್ತವೆ. ಅದು ನೀರನ್ನೂ ಹೀರಿಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಂತ ಜೀಪಿನ ಟ್ಯಾಂಕಿನಲ್ಲಿ ತುಕ್ಕು ಬೇಗ ಹಿಡಿಯುತ್ತದೆ. ಎಂಜಿನ್ ಎಣ್ಣೆ ನೋಡುವ ಕಡ್ಡಿಯನ್ನು ತೆಗೆದಾಗಲೆಲ್ಲ ಮೂಸಿ ನೋಡುವ ಅಭ್ಯಾಸ ಒಳ್ಳೆಯದು. ಪೆಟ್ರೋಲಿನ ವಾಸನೆ ಬಂದರೆ ಪಂಪಿನ ಪೊರೆ ಹರಿದು ಪೆಟ್ರೋಲು ಎಣ್ಣೆಯ ತೊಟ್ಟಿಗೆ ಇಳಿಯುತ್ತಿರಬಹುದು. ಅಂತಹ ಜೀಪನ್ನು ಓಡಿಸಬಾರದು.

ಗಾಲಿಯ ಕಡೆಗೆ

ಯಂತ್ರಭಾಗದ ದೋಷಗಳಲ್ಲಿಯೂ ಇದೇ ಮಾತು. ಎರಡನೆಯ ಸಣ್ಣ ಗೇರು ಡಬ್ಬಿಯ ಸನ್ನೆ, ಎಂದರೆ ಫೋರ್ ವೀಲ್ ಹಾಕುವ ಕೋಲು, ಜಾಮಾಗಿ ಹಿಂದಕ್ಕೆ ಬರುವುದಿಲ್ಲ, ಗೇರು ಡಬ್ಬಿ ಹೋಯಿತು ಎಂದು ಗಾಬರಿಪಡುವವರನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ನಾಲ್ಕೂ ಗಾಲಿಗೆ ಎಳೆತ ಕೊಟ್ಟು ಗಟ್ಟಿ ಡಾಮರಿನ ಮೇಲೆ ತಿರುಗಿಸುತ್ತ ಬಂದರೆ ಮುಂದಿನ ಗಾಲಿಗಳು ಒಂದಷ್ಟು ದೂರ, ಹಿಂದಿನವು ಇನ್ನೊಂದಷ್ಟು ದೂರ ಉರುಳುತ್ತವೆ. ಕೆಸರಿನಲ್ಲಿ ಈ ವ್ಯತ್ಯಾಸ ಜಾರಿ ಕಳೆದುಹೋಗುತ್ತದೆ. ಡಾಮರಿನಲ್ಲಿ ಹೋಗಲು ದಾರಿಯಿಲ್ಲದೆ ಗೇರುಗಳ ನಡುವೆ ಹಗ್ಗ ಹುರಿಗಟ್ಟಿದಂತೆ ಬಿಗಿಯುತ್ತದೆ. ಕೋಲನ್ನು ಬಲದಿಂದ ಎಳೆಯದೆ ಜೀಪನ್ನು ನಾಲ್ಕಾರು ಮಾರು ನೆಟ್ಟಗೆ ಹಿಂದಕ್ಕೆ ಓಡಿಸಿದರೆ ಹುರಿ ಬಿಚ್ಚಿ ಕೋಲು ತಾನಾಗಿ ಬರುತ್ತದೆ. ಮುಂದೆ ಹೊಸ ಟಯರು, ಹಿಂದೆ ಸವೆದ ಟಯರು ಹಾಕಿದ ಜೀಪಿನಲ್ಲಿ ಇದು ಮತ್ತೂ ಹೆಚ್ಚು.

ಗೇರು ತಾನಾಗಿ ಕಳಚಿಕೊಳ್ಳುತ್ತಿದ್ದರೆ ಒಳಗಿನ ಹಲ್ಲುಗಳನ್ನು ದೂರುವ ಮೊದಲು ಡಬ್ಬಿಯನ್ನು ಎಂಜಿನಿಗೆ ಬಿಗಿದ ಬೋಲ್ಟುಗಳನ್ನೂ ಕೆಳಗಿನ ರಬ್ಬರು ಮೆತ್ತೆಯನ್ನೂ ನೋಡಬೇಕು. ಬೋಲ್ಟು ಸಡಿಲಾಗಿ ಡಬ್ಬಿ ಓರೆಯಾದರೆ ಸರಿಯಾದ ಗೇರೂ ಹಾರುತ್ತದೆ.

ವೇಗದಲ್ಲಿ ಹೋಗುವಾಗ ಗುಂಡಿಗೆ ಬಿದ್ದ ಕೂಡಲೇ ಮುಂದಿನ ಗಾಲಿಗಳೆರಡೂ ಭೂತ ಹಿಡಿದಂತೆ ನಡುಗತೊಡಗುವುದು ಹಳೆಯ ಜೀಪುಗಳ ಕುಖ್ಯಾತ ರೋಗ. ವೇಗ ತಗ್ಗಿಸಿದರೆ ನಿಲ್ಲುತ್ತದೆ. ಸ್ಟಿಯರಿಂಗಿಗೆ ಡ್ಯಾಂಪರು ಹಾಕಿ ಇದನ್ನು ಅಡಗಿಸುವವರಿದ್ದಾರೆ. ಅದು ಜ್ವರಕ್ಕೆ ಹಣೆಗೆ ಒದ್ದೆ ಬಟ್ಟೆ ಹಾಕಿದಂತೆ. ಮುಂದಿನ ಗಾಲಿಯನ್ನು ಜಾಕಿನಲ್ಲಿ ಎತ್ತಿ, ಚಾಸಿನ ಕೆಳಗೆ ಗಟ್ಟಿ ಮರದ ದಿಮ್ಮಿ ಇಟ್ಟು, ಗಾಲಿಯ ಮೇಲು ಕೆಳಗು ಹಿಡಿದು ಅಲುಗಿಸಿ. ಆಟ ಕಂಡರೆ ಬೇರಿಂಗು ಅಥವಾ ಕಿಂಗ್ ಪಿನ್. ಬೇರೊಬ್ಬರು ಬ್ರೇಕು ಒತ್ತಿ ಹಿಡಿದಾಗಲೂ ಆಟ ಉಳಿದರೆ ಕಿಂಗ್ ಪಿನ್ನೇ. ಎಡಬಲಕ್ಕೆ ಅಲುಗಿಸಿದಾಗ ಆಟ ಕಂಡರೆ ಟೈ ರಾಡಿನ ತುದಿಗಳು ಮತ್ತು ಆಕ್ಸಲಿನ ನಡುವೆ ಇರುವ ಬೆಲ್ ಕ್ರ್ಯಾಂಕ್ ಎಂಬ ಸನ್ನೆ. ಒಬ್ಬರು ಸ್ಟಿಯರಿಂಗನ್ನು ಅತ್ತಿತ್ತ ಆಡಿಸುತ್ತಿರುವಾಗ ಇನ್ನೊಬ್ಬರು ಕೆಳಗೆ ಕುಳಿತು ಒಂದೊಂದೇ ಸಂದಿಯ ಮೇಲೆ ಕೈಯಿಟ್ಟರೆ ಸವೆದ ಸಂದಿ ಬೆರಳಿಗೇ ತಿಳಿಯುತ್ತದೆ.

ಬ್ರೇಕಿನ ವಿಷಯದಲ್ಲಿ ಮಾತ್ರ ನಾವು ಕಟ್ಟುನಿಟ್ಟು. ಈ ಜೀಪುಗಳಲ್ಲಿ ನಾಲ್ಕು ಗಾಲಿಗಳ ಬ್ರೇಕಿಗೂ ಒಂದೇ ಕೊಳವೆಯ ಸಂಸಾರ. ಒಂದು ಗಾಲಿಯಲ್ಲಿ ಸೋರಿದರೆ ನಾಲ್ಕರ ಬ್ರೇಕೂ ಹೋಯಿತು. ಪೆಡಲು ಆಳಕ್ಕೆ ಹೋಗಿ, ಎರಡು ಸಲ ಒತ್ತಿದಾಗ ಮೇಲೆ ಬಂದರೆ ಬ್ರೇಕು ಶೂಗಳನ್ನು ಹೊಂದಿಸಬೇಕಾಗಿದೆ. ಸ್ಪಂಜಿನಂತೆ ಮೆತ್ತಗಿದ್ದರೆ ಗಾಳಿ ಸೇರಿದೆ. ಕಾಲನ್ನು ಒತ್ತಿ ಹಿಡಿದಂತೆಯೇ ಪೆಡಲು ಮೆಲ್ಲಮೆಲ್ಲನೆ ಇಳಿಯುತ್ತ ಹೋದರೆ ಎಲ್ಲಿಯೋ ಸೋರುತ್ತಿದೆ, ಅಥವಾ ನೆಲದ ಹಲಗೆಯ ಕೆಳಗೆ ಕೆಸರಿನಲ್ಲಿ ನೆನೆಯುವ ಮಾಸ್ಟರ್ ಸಿಲಿಂಡರಿನ ರಬ್ಬರು ಸೋತಿದೆ. ಈ ಮೂರನೆಯ ಲಕ್ಷಣ ಕಂಡ ಜೀಪು ಗುಡ್ಡ ಇಳಿಯಕೂಡದು, ಎಂತಹ ಅವಸರವಿದ್ದರೂ. ಬ್ರೇಕು ಎಣ್ಣೆ ಸಿಗಲಿಲ್ಲವೆಂದು ಎಂಜಿನ್ ಎಣ್ಣೆ ಹೊಯ್ದರೆ ರಬ್ಬರುಗಳೆಲ್ಲ ಊದಿ ಇಡೀ ವ್ಯವಸ್ಥೆ ಹಾಳಾಗುತ್ತದೆ. ಅರ್ತ್ ಪಟ್ಟಿ, ಪಾಯಿಂಟು, ಪ್ಲಗ್ಗುಗಳನ್ನು ಮನೆಯಲ್ಲಿ ಕಲಿತು ಮಾಡಬಹುದು. ಬ್ರೇಕನ್ನು ಬಲ್ಲವರ ಕೈಗೇ ಕೊಡತಕ್ಕದ್ದು.

ಬಲ್ಲವರಾದರೋ ವರ್ಷ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಪಾಯಿಂಟು ಹೊಂದಿಸಬಲ್ಲ ಮೇಸ್ತ್ರಿಗಳು ಮುದುಕರಾದರು. ಅವರ ಮಕ್ಕಳು ಕಲಿತದ್ದು ಬೇರೆ ಬಗೆಯ ವಾಹನ. ಆದುದರಿಂದ ಜೀಪಿರುವ ಮನೆಯವರು ಒಂದು ನೋಟುಪುಸ್ತಕ ಇಟ್ಟುಕೊಂಡರೆ ಉಪಕಾರವಾದೀತು. ಯಾವ ದಿನ ಏನು ಬದಲಾಯಿಸಿದ್ದು, ಯಾವ ತಂತಿಗೆ ಯಾವ ಬಣ್ಣದ ತುಂಡು ಸೇರಿಸಿದ್ದು, ಪಾಯಿಂಟಿನ ಸಂದು ಎಷ್ಟು ಇಟ್ಟದ್ದು, ಇಷ್ಟು ಬರೆದರೆ ಸಾಕು. ಐವತ್ತು ವರ್ಷ ಹಳೆಯ ಜೀಪಿನಲ್ಲಿ ಕಂಪೆನಿ ಕೊಟ್ಟ ಬಣ್ಣದ ತಂತಿ ಒಂದೂ ಉಳಿದಿರುವುದಿಲ್ಲ. ಪುಸ್ತಕದ ನಕ್ಷೆ ಹಿಡಿದು ಹೊರಟವನಿಗೆ ದಾರಿ ತಪ್ಪುತ್ತದೆ. ಸೀಟಿನ ಕೆಳಗಿನ ಚೀಲದಲ್ಲಿ ಒಂದು ಜೊತೆ ಪಾಯಿಂಟು, ಕಂಡೆನ್ಸರು, ಒಂದು ಪ್ಲಗ್ಗು, ಫ್ಯಾನ್ ಬೆಲ್ಟು, ಎರಡು ಮಾರು ತಂತಿ, 12 ವೋಲ್ಟಿನ ಬಲ್ಬಿಗೆ ಎರಡು ತಂತಿ ಬೆಸೆದ ಪರೀಕ್ಷೆಯ ದೀಪ, ಒಣಬಟ್ಟೆ ಇವಿಷ್ಟು ಇರಲಿ.

ಇನ್ನೊಂದು ಮಾತು. ಅಡಿಕೆ ಕೊಟ್ಟಿಗೆಯಲ್ಲಿ ತಿಂಗಳುಗಟ್ಟಲೆ ನಿಲ್ಲುವ ಜೀಪಿಗೆ ದೊಡ್ಡ ಶತ್ರು ಇಲಿ. ತಂತಿಯ ಮೇಲಿನ ಹೊದಿಕೆಯನ್ನು ಅದು ತಿಂದುಹಾಕಿದರೆ ಬರಿಯ ತಾಮ್ರ ಬಾಡಿಗೆ ತಾಗಿ ಉರಿ ಎದ್ದೀತು. ಹಳೆಯ ಜೀಪಿನಲ್ಲಿ ಅದನ್ನು ತಡೆಯುವಷ್ಟು ಫ್ಯೂಸುಗಳಿಲ್ಲ. ಜೀಪನ್ನು ಒಳಗಿಟ್ಟ ದಿನವೇ ಬ್ಯಾಟರಿಯ ಅರ್ತ್ ತುದಿಯನ್ನು ಕಳಚಿ, ಅದನ್ನು ಕಳಚುವ ಸ್ಪ್ಯಾನರನ್ನು ಅಲ್ಲಿಯೇ ಒಂದು ದಾರದಲ್ಲಿ ಕಟ್ಟಿ ನೇತುಹಾಕಿರಿ. ಅವಸರದ ರಾತ್ರಿ ಮತ್ತೆ ಜೋಡಿಸಬೇಕಾದಾಗ ಅದನ್ನು ಹುಡುಕಬೇಕಾಗುವುದಿಲ್ಲ.